‘ಕಲಾ ಚಿಕಿತ್ಸೆ’ ಅಂದ್ರೆ ಮುಖದ ಕಲೆಗಾ? ಒಂದು ಪದ ಬೇಕಾಗಿದೆ

ಬಳಗದ ಎಲ್ಲರಿಗೂ ನಮಸ್ಕಾರ,

ಒಂದು ಪದಕ್ಕಾಗಿ ಎರಡು ವಾರದಿಂದ ಒದ್ದಾಡುತ್ತಿದ್ದೇನೆ. ಇಲ್ಲೇ ಬೆಂಗಳೂರಿನಲ್ಲಿ ನನ್ನ ಗೆಳತಿಯೊಬ್ಬಳು ದೌರ್ಜನ್ಯದಿಂದ ನೊಂದ ಮಕ್ಕಳ ಜೊತೆ ಕೆಲಸ ಮಾಡುತ್ತಾಳೆ. ಅಪ್ಪ ಅಮ್ಮಂದಿರ ಕೈಗೆ ಕೊಡಲು ಒಂದು ಹಾಳೆ ಕನ್ನಡದಲ್ಲಿ ಬರೆದುಕೊಡು ಅಂದಳು. ಅವಳು ಮಾಡುವುದು ಆರ್ಟ್ ಥೆರಪಿ, ಅಂದರೆ ಚಿತ್ರ, ಬಣ್ಣ, ಮಣ್ಣಿನ ಕೆಲಸದ ಮೂಲಕ ಮನಸ್ಸಿನ ನೋವಿಗೆ ಆರೈಕೆ. ನಾನು ಹಿಂದೆ ಮುಂದೆ ನೋಡದೆ ‘ಕಲಾ ಚಿಕಿತ್ಸೆ’ ಅಂತ ತಲೆಬರಹ ಹಾಕಿದೆ.

ಓದಿಸಿ ನೋಡೋಣ ಅಂತ ನಮ್ಮ ಬೀದಿಯ ಟೈಲರ್ ಅಂಗಡಿ ಅಕ್ಕನಿಗೆ ಕೊಟ್ಟೆ. ಬ್ಲೌಸಿಗೆ ಹುಕ್ ಹಾಕುತ್ತಿದ್ದವರು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಹಾಳೆ ಹಿಡಿದು, “ಇದು ಮುಖದ ಕಲೆಗಾ ಮೇಡಂ? ನಿಜವಾಗ್ಲೂ ಹೋಗುತ್ತಾ?” ಅಂದರು. ಅಲ್ಲಿ ನಗು ಬಂತು, ಮನೆಗೆ ಬರುವಷ್ಟರಲ್ಲಿ ಹೋಯಿತು. ಕಲೆ ಅಂದರೆ ನಮಗೆ ಬಟ್ಟೆಯ ಕಲೆ, ಗಾಯದ ಕಲೆಯೂ ಹೌದಲ್ವಾ. ಮಗುವಿಗೆ ಏನೋ ಮೆತ್ತಿಕೊಂಡಿದೆ ಅನ್ನುವ ಹಾಗೆ ನೆಂಟರು ಮೊದಲೇ ಗುಸುಗುಸು ಮಾಡುತ್ತಿರುತ್ತಾರೆ. ಅಂಥ ಮನೆಗೆ ಹೋಗುವ ಹಾಳೆಯಲ್ಲಿ ಈ ಪದ ಬೇಡವೇ ಬೇಡ.

‘ಚಿಕಿತ್ಸೆ’ಯೂ ಅಷ್ಟು ಸಲೀಸಲ್ಲ. ಕೇಳಿದ ತಕ್ಷಣ ನೆನಪಾಗುವುದು ಶಸ್ತ್ರಚಿಕಿತ್ಸೆ. ಇಲ್ಲವೇ “ನನ್ನ ಮಗೂಗೆ ತಲೆ ಸರಿ ಇಲ್ವಾ?” ಅಂತ ಅಮ್ಮನಿಗೆ ಗಾಬರಿ. ಹೋಗಲಿ, ‘ಡ್ರಾಯಿಂಗ್ ಕ್ಲಾಸ್’ ಅನ್ನೋಣ ಅಂದರೆ ಅದು ಸುಳ್ಳಾಗುತ್ತದೆ. ಅಲ್ಲಿ ಯಾರೂ ಮಾರ್ಕ್ಸ್ ಕೊಡುವುದಿಲ್ಲ, ಚಿತ್ರ ಚೆನ್ನಾಗಿ ಬರಬೇಕು ಅಂತಲೂ ಇಲ್ಲ. ಬಾಯಲ್ಲಿ ಹೇಳಲಾಗದ್ದನ್ನು ಹೇಳಲೇಬೇಕು ಅನ್ನುವ ಒತ್ತಾಯವಿಲ್ಲದೆ ಮಗು ಕ್ರೇಯಾನ್ಸ್, ಬಣ್ಣ, ಜೇಡಿಮಣ್ಣು ಯಾವುದನ್ನು ಬೇಕಾದರೂ ತಾನೇ ಆರಿಸಿಕೊಳ್ಳುತ್ತದೆ, ಬೇಡ ಅನ್ನಿಸಿದರೆ ಹರಿದೂ ಹಾಕುತ್ತದೆ, ಮತ್ತು ಇಲ್ಲಿ ‘ಬೇಡ’ ಅಂದರೆ ಬೇಡ ಅನ್ನುವುದೇ ಆ ಮಗುವಿಗೆ ದೊಡ್ಡ ವಿಷಯ. ಗೆಳತಿ “ಇದು ಯಾರು?” ಅಂತ ಕೇಳುವುದೇ ಇಲ್ಲವಂತೆ, “ಇದರ ಬಗ್ಗೆ ಏನಾದ್ರೂ ಹೇಳ್ತೀಯಾ?” ಅಷ್ಟೇ. ಕಪ್ಪು ಬಳಿದರೆ ದುಃಖ ಅಂತ ಅರ್ಥವಾ ಅಂತ ಕೇಳಿದ್ದಕ್ಕೆ, “ಡಬ್ಬಿಯಲ್ಲಿ ಕಪ್ಪು ಒಂದೇ ಉಳಿದಿತ್ತೇನೋ” ಅಂದಳು. ಚಿತ್ರ ನೋಡಿ ಹೀಗೇ ಆಗಿದೆ ಅಂತ ತೀರ್ಪು ಕೊಡುವ ಕೆಲಸ ಅಲ್ಲ ಅದು.

ಇಂಗ್ಲಿಷಿನಲ್ಲಿ ‘ಆರ್ಟ್ ಥೆರಪಿ’ ಅನ್ನುವ ಹೆಸರನ್ನು 1942ರಲ್ಲಿ ಹುಟ್ಟುಹಾಕಿದವನು ಏಡ್ರಿಯನ್ ಹಿಲ್ ಅನ್ನುವ ಬ್ರಿಟಿಷ್ ಕಲಾವಿದ. ಕ್ಷಯ ಬಂದು ಸ್ಯಾನಟೋರಿಯಂ ಸೇರಿದ್ದಾಗ ಚಿತ್ರ ಬಿಡಿಸುತ್ತಾ ಚೇತರಿಸಿಕೊಂಡವನು. ಥೆರಪಿಯ ಗ್ರೀಕ್ ಮೂಲಕ್ಕೆ ಆರೈಕೆ, ಸೇವೆ ಅಂತ ಅರ್ಥ. ಹಾಗಾದರೆ ‘ಶುಶ್ರೂಷೆ’ ಆಗಬಹುದಾ? ಸಂಸ್ಕೃತದಲ್ಲಿ ಆ ಪದದ ಮೂಲ ಅರ್ಥ ‘ಕೇಳಬೇಕೆಂಬ ಆಸೆ’. ಈ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಅರ್ಥ ಇನ್ನೆಲ್ಲಿ! ಆದರೆ ಮೂಲ ಯಾರಿಗೆ ಬೇಕು, ಜನಕ್ಕೆ ಕಾಣುವುದು ನರ್ಸು ಮತ್ತು ಗ್ಲೂಕೋಸ್ ಬಾಟಲಿ. ‘ಬಣ್ಣದಾರೈಕೆ’ ಅಂತಲೂ ಬರೆದೆ. ಗೋಡೆಗೆ ಪೇಂಟ್ ಹೊಡೆಯುವವರ ಬೋರ್ಡಿನ ಹಾಗೆ ಕಂಡಿತು, ಹೊಡೆದುಹಾಕಿದೆ.

ನನಗೆ ಮನಸ್ಸು ನಿಂತಿರುವುದು ‘ಬಿಡಿಸು’ ಮೇಲೆ. ಚಿತ್ರ ಬಿಡಿಸುತ್ತೇವೆ, ಗಂಟು ಬಿಡಿಸುತ್ತೇವೆ, ಅವರೆಕಾಯಿಯನ್ನೂ ಬಿಡಿಸುತ್ತೇವೆ. ಸುಮ್ನೆ ಕೂತು, ಕೈ ಆಡುತ್ತಿರುವಾಗ ಮಾತು ತಾನಾಗಿ ಬರುವ ಕೆಲಸ ಅದು. ‘ಚಿತ್ರ ಬಿಡಿಸುತ್ತಾ ಚೇತರಿಕೆ’ ಅಂದರೆ ಹೇಗೆ? ಸ್ವಲ್ಪ ಉದ್ದ ಆಯಿತು, ಮಣ್ಣಿನ ಕೆಲಸ ಬಿಟ್ಟುಹೋಯಿತು. ಮತ್ತೆ ಉತ್ತರ ಕರ್ನಾಟಕದ ಕಡೆ ಚಿತ್ರ ತೆಗೆಯುತ್ತಾರೆ, ಬಿಡಿಸುವುದಿಲ್ಲ. ಆ ಕಡೆಯವರ ಕಿವಿಗೆ ಇದು ಹೇಗೆ ಕೇಳುತ್ತದೆ, ಹೇಳಿ.

ಇನ್ನೊಂದು ಪ್ರಶ್ನೆ. ಮಕ್ಕಳನ್ನೇ ಏನಂತ ಕರೆಯುವುದು? ಪತ್ರಿಕೆಗಳಲ್ಲಿ ‘ಸಂತ್ರಸ್ತೆ’. ಅಕ್ಷರಶಃ ಅದು ಹೆದರಿದವಳು. ಜೊತೆಗೆ ನೆರೆ ಸಂತ್ರಸ್ತರೂ ನೆನಪಾಗುತ್ತಾರೆ. ‘ಬಲಿಪಶು’ ಅಂತ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪೊಲೀಸ್ ಕಾಗದಗಳಲ್ಲಿ ಬರುವ ‘ನೊಂದ ಬಾಲಕಿ’ ಎಷ್ಟೋ ವಾಸಿ, ಆದರೆ ಹುಡುಗರೂ ಇದ್ದಾರೆ. ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ಕಾಪಾಡುವ 2012ರ ಪೋಕ್ಸೋ ಕಾಯ್ದೆಗೆ 18 ತುಂಬದವರೆಲ್ಲ ಮಕ್ಕಳೇ. 17ರ ಹುಡುಗನನ್ನು ಎದುರಿಗೆ ‘ಮಗು’ ಅಂದರೆ ಅವನು ಮುಖ ತಿರುಗಿಸುತ್ತಾನೆ. ನಾನು ಸದ್ಯಕ್ಕೆ ಎಲ್ಲ ಕಡೆ ‘ನಿಮ್ಮ ಮಗಳು, ನಿಮ್ಮ ಮಗ’ ಅಂತಲೇ ಬರೆದಿದ್ದೇನೆ.

ಹಾಳೆ ಸೋಮವಾರ ಪ್ರಿಂಟಿಗೆ ಹೋಗಬೇಕು. ಕೆಳಗೆ ಮಕ್ಕಳ ಸಹಾಯವಾಣಿ 1098 ಹಾಕಿಯಾಗಿದೆ, ಮೇಲೆ ತಲೆಬರಹದ ಜಾಗ ಖಾಲಿ ಇದೆ. ಶನಿವಾರದೊಳಗೆ ಏನಾದರೂ ಹೊಳೆದರೆ ಬರೆಯಿರಿ, ಟೈಲರ್ ಅಕ್ಕನಿಗೆ ಇನ್ನೊಂದು ಸಲ ಓದಿಸಬೇಕು.