ಮಕ್ಕಳ ಸರ್ಜರಿ ತಗೊಳ್ಳಲಾ, ಬೇಡ್ವಾ? ಒಳಗಿದ್ದವರು ಹೇಳಿ

ಪ್ರಶ್ನೆ: ಜನರಲ್ ಸರ್ಜರಿ ತರಬೇತಿಯ ಕೊನೆಯ ವರ್ಷದಲ್ಲಿದ್ದೇನೆ. ಮನಸ್ಸು ಮಕ್ಕಳ ಸರ್ಜರಿ ಕಡೆ ಎಳೆಯುತ್ತಿದೆ. ಆದರೆ ಬ್ಯಾಚಿನಲ್ಲಿ ಯಾರೂ ಅದರ ಹೆಸರೇ ಎತ್ತುತ್ತಿಲ್ಲ. ಎಲ್ಲರಿಗೂ ಯೂರಾಲಜಿ, ಗ್ಯಾಸ್ಟ್ರೋ ಬೇಕು. "ಸೀಟು ಖಾಲಿ ಉಳಿಯೋದು ಸುಮ್ನೇನಾ?" ಅಂತ ನಗುತ್ತಾರೆ. ನಾನು ಅಲ್ಲಿ ಪೋಸ್ಟಿಂಗ್ ಮಾಡಿದ್ದು ಬರೀ ಮೂರು ವಾರ.

ಹದಿನಾರು ವರ್ಷದಿಂದ ಇದೇ ಕೆಲಸದಲ್ಲಿರುವವರು: ಸುಮ್ನೆ ಅಲ್ಲ, ಒಪ್ಪುತ್ತೇನೆ. ನಮ್ಮದು ಒಂಟಿಯಾಗಿ ಬೋರ್ಡು ಹಾಕಿಕೊಂಡು ಕೂರುವ ಕೆಲಸವಲ್ಲ. ನವಜಾತ ಶಿಶುಗಳ ಐಸಿಯು ಬೇಕು, ಮಕ್ಕಳಲ್ಲಿ ಪಳಗಿದ ಅನಸ್ತೇಸಿಯಾದವರು ಬೇಕು. ಇವೆಲ್ಲ ಇರುವುದು ದೊಡ್ಡ ಆಸ್ಪತ್ರೆಗಳಲ್ಲಿ, ಅಲ್ಲಿ ಹುದ್ದೆ ಕಡಿಮೆ. ಹರ್ನಿಯಾದಂಥ ಸುಲಭದ ಕೇಸನ್ನು ದೊಡ್ಡವರ ಸರ್ಜನ್‌ಗಳೂ ಮಾಡುತ್ತಾರೆ. ನಮಗೇ ಅಂತ ಬರುವುದು ಅನ್ನನಾಳ ಕೂಡಿಕೊಳ್ಳದೆ ಹುಟ್ಟಿದ ಮಗು, ಗುದದ್ವಾರವಿಲ್ಲದ ಮಗು. ಅಂಥವು ಸಾವಿರಾರು ಹೆರಿಗೆಗೆ ಒಂದು.

ಆ ಒಂದರ ಕಥೆಯನ್ನೂ ಕೇಳಿ. ತುಂಡಾದ ಅನ್ನನಾಳವನ್ನು ಒಂದೇ ಆಪರೇಷನ್‌ನಲ್ಲಿ ಕೂಡಿಸಿ ಮಗುವನ್ನು ಮೊದಲು ಉಳಿಸಿದ್ದು 1941ರಲ್ಲಿ, ಅಮೆರಿಕದ ಕ್ಯಾಮರಾನ್ ಹೈಟ್. ಅಲ್ಲಿಯವರೆಗೆ ಇದು ಹೆಚ್ಚುಕಡಿಮೆ ಸಾವೇ. ಇವತ್ತು ತೂಕ ಚೆನ್ನಾಗಿದ್ದು, ಹೃದಯದ ತೊಂದರೆ ಇಲ್ಲದಿದ್ದರೆ, ಒಳ್ಳೆಯ ಐಸಿಯುನಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಜಾಸ್ತಿ ಮಕ್ಕಳು ಉಳಿಯುತ್ತವೆ. ನಾನು ಮೊದಲು ಹೊಲಿದ ಅನ್ನನಾಳ ನನ್ನ ಕಿರುಬೆರಳಿಗಿಂತ ಸಣ್ಣದಿತ್ತು. ಆ ಹುಡುಗ ಈಗಲೂ ವರ್ಷಕ್ಕೊಮ್ಮೆ ಬರುತ್ತಾನೆ. ಪಕ್ಕದಲ್ಲಿ ನಿಂತು ನನ್ನನ್ನು ಮೀರಿ ಬೆಳೆದಿದ್ದಾನಾ ಅಂತ ಅಳತೆ ನೋಡುತ್ತಾನೆ!

ಒಂದೇ ವರ್ಷದಲ್ಲಿ ಮಕ್ಕಳ ಸರ್ಜರಿ ಬಿಟ್ಟು ಯೂರಾಲಜಿಗೆ ಹೋದವರು: ನಾನು ಬಿಟ್ಟದ್ದು ದುಡ್ಡಿಗಲ್ಲ. ಕಷ್ಟದ ಕೇಸು ಬರುವುದೇ ಅಪರೂಪ, ಬಂದದ್ದನ್ನು ಹಿರಿಯರೇ ಮಾಡುತ್ತಿದ್ದರು. ನಾನು ಕೊಯ್ದ ಜಾಗವನ್ನು ಅಗಲಿಸಿ ಹಿಡಿಯುವ ರಿಟ್ರ್ಯಾಕ್ಟರ್ ಹಿಡಿದುಕೊಂಡೇ ವರ್ಷ ಕಳೆದೆ. ಹಾಗಾಗಿ ಸೇರುವ ಮುಂಚೆ ಈ ಸಲ ತರಬೇತಿ ಮುಗಿಸಿದವರನ್ನು ಹಿಡಿದು, ಆಪರೇಷನ್‌ಗಳ ಲೆಕ್ಕ ಬರೆದಿಡುವ ಲಾಗ್‌ಬುಕ್ ತೋರಿಸಿ ಅನ್ನಿ. ತಮ್ಮ ಕೈಯಾರೆ ಎಷ್ಟು ನವಜಾತ ಶಿಶುಗಳಿಗೆ ಆಪರೇಷನ್ ಮಾಡಿದ್ದಾರೆ? ಉತ್ತರ ಹೇಳಲು ತಡವರಿಸಿದರೆ ಬೇರೆ ಕಡೆ ನೋಡಿ. ವಿಷಯ ಬದಲಿಸಬೇಡಿ, ಜಾಗ ಬದಲಿಸಿ. ನಾನು ಆಗ ಎರಡನ್ನೂ ಒಂದೇ ಅಂದುಕೊಂಡೆ.

ಅನಸ್ತೇಸಿಯಾದವರು: ಮೂರು ಕೆಜಿ ಮಗುವಿನ ಮೈಯಲ್ಲಿರುವ ರಕ್ತ ಸುಮಾರು 240 ಮಿಲಿ, ಅಂದರೆ ಒಂದು ಲೋಟ. ರಕ್ತ ಹೀರಿ ಒದ್ದೆಯಾದ ಗಾಜ್ ಬಟ್ಟೆಯ ತುಂಡನ್ನೂ ತೂಗಿ ಲೆಕ್ಕ ಇಡುತ್ತೇವೆ. ಮಗುವಿಗೆ ಚಳಿಯಾಗಬಾರದು ಅಂತ ಥಿಯೇಟರ್ ಬೆಚ್ಚಗೆ, ಸರ್ಜನ್ ಬೆವರಲ್ಲಿ. ಇದು ಹಿಂಸೆ ಅನ್ನಿಸುತ್ತಾ, ಮಜಾ ಅನ್ನಿಸುತ್ತಾ? ಅದನ್ನು ಅಲ್ಲೇ ನಿಂತು ನೋಡಬೇಕು.

ಶಿಶು ಐಸಿಯು ನರ್ಸ್: ನಮ್ಮಲ್ಲಿರುವುದು ಒಬ್ಬರೇ ಮಕ್ಕಳ ಸರ್ಜನ್. ಅವರು ರಜೆಯಲ್ಲಿದ್ದಾಗ ಒಂದು ಮಗು ಹಸಿರು ವಾಂತಿ ಮಾಡಿತು. ಕರುಳು ತಿರುಚಿಕೊಂಡಿದ್ದರೆ ಕೆಲವೇ ಗಂಟೆಯಲ್ಲಿ ಕೊಳೆಯುತ್ತದೆ, ಅಲ್ವಾ? ಆಂಬುಲೆನ್ಸ್‌ನಲ್ಲಿ ಮಗುವಿನ ಜೊತೆ ನಾನೇ ಹೋದೆ. ಮಗು ಉಳಿಯಿತು. ಆ ದಾರಿ ಮಾತ್ರ ಮರೆತಿಲ್ಲ. ದಯವಿಟ್ಟು ಸೇರಿ.

ಕೇಳಿದವರು: ಲಾಗ್‌ಬುಕ್ ಕೇಳಬೇಕು ಅಂತ ಹೊಳೆದೇ ಇರಲಿಲ್ಲ. ಮುಂದಿನ ತಿಂಗಳು ಎರಡು ವಾರ ಬಿಡುವಿದೆ. ಮಕ್ಕಳ ಸರ್ಜರಿಯವರ ರಾತ್ರಿ ಡ್ಯೂಟಿಗೆ ಜೊತೆಗೆ ನಿಲ್ಲಬಹುದಾ ಅಂತ ಕೇಳಿದ್ದೇನೆ. ಮನೆಯಲ್ಲಿ ಇನ್ನೂ ಹೇಳಿಲ್ಲ.