ವಾರ್ಬ್ಲರ್ ಕಿವಿಗೆ ಕೇಳುತ್ತದೆ, ರೆಕಾರ್ಡಿಂಗಲ್ಲಿ ಮಾಯ!

ತೋಟದಮನೆ: ಮೂರು ವಾರದಿಂದ ತಲೆ ಕೆಟ್ಟಿದೆ. ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ. ಅಕ್ಟೋಬರ್ ಬಂತೆಂದರೆ ಸಿಲ್ವರ್ ಓಕ್ ತುದಿಯಲ್ಲಿ ಗ್ರೀನಿಷ್ ವಾರ್ಬ್ಲರ್ ಅನ್ನುವ ಪುಟ್ಟ ಹಕ್ಕಿ ಬೆಳಗಿಂದ ಸಂಜೆವರೆಗೆ ಕೂಗುತ್ತಲೇ ಇರುತ್ತದೆ. ರೆಕಾರ್ಡ್ ಮಾಡಿದರೆ ಕುಟ್ರುಹಕ್ಕಿ ಬರುತ್ತದೆ, ಪಿಕಳಾರ ಬರುತ್ತದೆ, ಪಕ್ಕದ ಮನೆ ನಾಯಿಯೂ ಬರುತ್ತದೆ. ಇದೊಂದು ಇಲ್ಲ! ದನಿ ಕೇಳಿ ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್‌ಗೆ ಫೈಲ್ ಕೊಟ್ಟರೆ ಅದೂ ಸುಮ್ನೆ ಕೂತಿರುತ್ತದೆ. ಫೋನ್ ಹೊಸದು. ಏನು ಮಾಡಲಿ?

ಜೊಂಡುಹಕ್ಕಿ: ಯಾವ ಫೋನ್, ರೆಕಾರ್ಡ್ ಮಾಡಿದ್ದು ಯಾವ ಆ್ಯಪಲ್ಲಿ ಹೇಳಲೇ ಇಲ್ಲವಲ್ಲ. ಗಾಳಿ ಇರಬೇಕು. ಮೈಕ್ ಮೇಲೆ ಸ್ಪಂಜ್ ಹಾಕಿ.

ತೋಟದಮನೆ: ಗಾಳಿಯೇ ಇಲ್ಲ ಸರ್. ಮಂಜು ಕವಿದಿರುತ್ತದೆ, ಒಂದು ಎಲೆಯೂ ಅಲ್ಲಾಡುವುದಿಲ್ಲ.

ಜೊಂಡುಹಕ್ಕಿ: ನಮಗೆ ಗೊತ್ತಾಗದ ಗಾಳಿ ಮೈಕಿಗೆ ಗೊತ್ತಾಗುತ್ತದೆ. ಕಂಪ್ಯೂಟರಲ್ಲಿ ಆಡಾಸಿಟಿ ಅನ್ನುವ ಸೌಂಡ್ ಎಡಿಟರ್ ತೆಗೆದು, ತಗ್ಗು ಸದ್ದು ತೆಗೆಯುವ ಹೈಪಾಸ್ ಫಿಲ್ಟರ್ ಹಾಕಿ ನೋಡಿ.

ಚಿರುವೀ: ಅದು ಗ್ರೀನಿಷ್ ಅಂತ ಹೇಗೆ ಗೊತ್ತಾಯಿತು? ಘಟ್ಟಕ್ಕೆ ಕಾಕಸಸ್ ಪರ್ವತಗಳ ಕಡೆಯಿಂದ ಗ್ರೀನ್ ವಾರ್ಬ್ಲರ್ ಕೂಡ ಬರುತ್ತದೆ. ಬಣ್ಣ ನೋಡಿ ಹೇಳುವುದು ಕಷ್ಟ. "ಚಿ-ವೀ" ಅಂತ ಎರಡು ಸ್ವರ ಕೇಳಿದರೆ ಗ್ರೀನಿಷ್, "ಚಿ-ರು-ವೀ" ಅಂತ ಮೂರು ಕೇಳಿದರೆ ಗ್ರೀನ್.

ಜೊಂಡುಹಕ್ಕಿ: ಅವರು ಕೇಳಿದ್ದು ರೆಕಾರ್ಡಿಂಗ್ ಬಗ್ಗೆ.

ಚಿರುವೀ: ಯಾವ ಹಕ್ಕಿ ಅಂತ ಗೊತ್ತಿಲ್ಲದೆ ಏನನ್ನು ರೆಕಾರ್ಡ್ ಮಾಡುವುದು?

ಡಿಷ್‌ಮಾವ: ಫೋನೆಲ್ಲ ಬಿಡಿ. ನಾನು ಹಳೇ ಟಿವಿ ಡಿಷ್‌ಗೆ ಮೈಕ್ ಕಟ್ಟಿದ್ದೇನೆ. ಖರ್ಚು ಬರೀ ಒಂದು ಕ್ಲಾಂಪ್. ನೂರಡಿ ದೂರದ ಲಾರ್ಜ್-ಬಿಲ್ಡ್ ಲೀಫ್ ವಾರ್ಬ್ಲರ್ ಪಕ್ಕದಲ್ಲೇ ಕೂತು ಸಿಳ್ಳೆ ಹೊಡೆದ ಹಾಗಿದೆ. ಫೋಟೋ ನಾಳೆ ಹಾಕುತ್ತೇನೆ.

ಹೊಳೆದಂಡೆ: ಕುಟ್ರುಹಕ್ಕಿ ಚೆನ್ನಾಗಿ ಬರುತ್ತದೆ ಅಂದರೆ ಗಾಳಿ ಅಲ್ಲ. ಅದರ ದನಿ ತಗ್ಗು, ಸುಮಾರು 1 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ ಸಾವಿರ ಕಂಪನ. ಈ ವಾರ್ಬ್ಲರ್‌ಗಳದ್ದು ಹೆಚ್ಚೂಕಡಿಮೆ 4ರ ಮೇಲೆ. ನಿಮ್ಮ ಫೈಲಲ್ಲಿ ಮೇಲಿನ ಭಾಗವೇ ಕತ್ತರಿಸಿ ಹೋಗಿದೆ. ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ದನಿ ಅಳೆಯುತ್ತದೆ ಅನ್ನುವುದು, ಎಷ್ಟಿದೆ ನೋಡಿ. ಹಾಗೇ, ಕಿವಿಗೆ ಏನಾದರೂ ಸಿಕ್ಕಿಸಿಕೊಂಡಿರುತ್ತೀರಾ?

ತೋಟದಮನೆ: 8000 ಅಂತಿದೆ ಮೇಡಂ. ಒಂದು ಕಿವಿಯಲ್ಲಿ ಬ್ಲೂಟೂತ್ ಇರುತ್ತದೆ, ಆಳುಗಳು ಫೋನ್ ಮಾಡುತ್ತಿರುತ್ತಾರಲ್ಲ. ಅದಕ್ಕೂ ಇದಕ್ಕೂ ಏನು ಸಂಬಂಧ?

ಹೊಳೆದಂಡೆ: ಸಂಬಂಧ ಅಲ್ಲೇ ಇದೆ! ಆ್ಯಪ್ ಫೋನಿನ ಮೈಕ್ ಬಿಟ್ಟು ಬ್ಲೂಟೂತಿನ ಮೈಕ್ ಹಿಡಿದಿದೆ. ಅದು ಫೋನ್ ಮಾತಿಗೆ ಮಾತ್ರ ಸಾಕು. ಸೆಕೆಂಡಿಗೆ 8000 ಸ್ಯಾಂಪಲ್ ಅಂದರೆ ಅದರ ಅರ್ಧ, 4 ಕಿಲೋಹರ್ಟ್ಸ್ ಮೇಲೆ ಏನೂ ಉಳಿಯುವುದಿಲ್ಲ. ಬ್ಲೂಟೂತ್ ಆಫ್ ಮಾಡಿ, 44,100 ಅಥವಾ 48,000 ಇಟ್ಟು, ದನಿಯನ್ನು ಕುಗ್ಗಿಸದ ವೇವ್ (WAV) ಫೈಲಲ್ಲಿ ರೆಕಾರ್ಡ್ ಮಾಡಿ. ಗದ್ದಲ ತೆಗೆಯುವ ನಾಯ್ಸ್ ರಿಡಕ್ಷನ್ ಇದ್ದರೆ ಅದನ್ನೂ ತೆಗೆಯಿರಿ. ಕೆಲವು ಸಲ ಅದು ಹಕ್ಕಿಯನ್ನೇ ಗದ್ದಲ ಅಂದುಕೊಳ್ಳುತ್ತದೆ.

ಜೊಂಡುಹಕ್ಕಿ: ಆದರೂ ಸ್ಪಂಜ್ ಇದ್ದರೆ ಒಳ್ಳೆಯದು.

ತೋಟದಮನೆ: ಬಂತು ಬಂತು! ಮೂರು ವಾರ ಸುಮ್ನೆ ಮರದ ಕೆಳಗೆ ನಿಂತೆ. ಮರ್ಲಿನ್ ಗ್ರೀನಿಷ್ ಅಂದಿದೆ. ಫೈಲ್ ಹಾಕಿದ್ದೇನೆ, ಕೇಳಿ.

ಚಿರುವೀ: 7ನೇ ಸೆಕೆಂಡ್ ಸರಿಯಾಗಿ ಕೇಳಿ. ಮೂರು ಸ್ವರ. ಗ್ರೀನ್.

ಜೊಂಡುಹಕ್ಕಿ: ಎರಡೇ ಇರುವುದು.

ಚಿರುವೀ: ಮೂರು. ದನಿಯನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಂ ತೆಗೆದು ನೋಡಿ.

ಡಿಷ್‌ಮಾವ: ಡಿಷ್ ಫೋಟೋ ಹಾಕಿದ್ದೆ, ಯಾರೂ ನೋಡಲೇ ಇಲ್ವಾ?