ಮನೆ ದಾಖಲೆ ಡ್ರೈವ್‌ನಲ್ಲಿ ಹಂಚುವಾಗ ಹಿಡಿತ ತಪ್ಪದಿರಲು ಏನು ಮಾಡುತ್ತೀರಿ?

ಅಪ್ಪನ ಜಮೀನಿನ ಕ್ರಯಪತ್ರ, ಪಹಣಿ, ಎಲ್ಲರ ಆಧಾರ್ ಪ್ರತಿ ಸ್ಕ್ಯಾನ್ ಮಾಡಿ ಗೂಗಲ್ ಡ್ರೈವ್‌ಗೆ ಹಾಕಿದ್ದೇನೆ. ದುಬೈಯಲ್ಲಿರುವ ಅಣ್ಣ, ಶಿವಮೊಗ್ಗದ ಅಕ್ಕ, ನಮ್ಮ ವಕೀಲರು ಮೂವರಿಗೂ ಕಾಣಬೇಕು, ಕಂಡಕಂಡವರ ಕೈಗೆ ಹೋಗಬಾರದು. ಅನುಭವ ಇದ್ದವರು ತಿಳಿಸಿ.

ಉತ್ತರ 1:
ನಮ್ಮ ಮನೆಯಲ್ಲಿ ಪಾಲುಪಟ್ಟಿ ಆಗುವಾಗ ಇದನ್ನೇ ಮಾಡಿದೆವು. ಮೊದಲು 'ಲಿಂಕ್ ಇರುವ ಯಾರಾದರೂ' ಅನ್ನುವ ಆಯ್ಕೆ ಆಫ್ ಮಾಡಿ. ಅದು ಆನ್ ಇದ್ದರೆ ಲಿಂಕ್ ವಾಟ್ಸ್ಯಾಪ್‌ನಲ್ಲಿ ಎಲ್ಲೆಲ್ಲಿಗೆ ಫಾರ್ವರ್ಡ್ ಆಗುತ್ತದೋ ಅಲ್ಲೆಲ್ಲ ಫೈಲ್ ತೆರೆಯುತ್ತದೆ. 'ನಿರ್ಬಂಧಿತ' ಅಂತ ಇಟ್ಟು ಮೂವರ ಇಮೇಲ್ ವಿಳಾಸ ಸೇರಿಸಿ. ನಾಳೆ ಒಬ್ಬರನ್ನು ತೆಗೆದರೂ ಉಳಿದಿಬ್ಬರಿಗೆ ತೊಂದರೆಯಿಲ್ಲ.

ಎಲ್ಲರಿಗೂ ನೋಡುವ ಅನುಮತಿ ಸಾಕು. ಯಾರಿಗಾದರೂ ತಿದ್ದುವ ಅನುಮತಿ ಕೊಟ್ಟರೆ ಅವರು ಬೇರೆಯವರನ್ನೂ ಸೇರಿಸಬಹುದು; ಹಂಚಿಕೆಯ ಸೆಟ್ಟಿಂಗ್‌ನಲ್ಲಿ ಅದಕ್ಕೆ ಅವಕಾಶ ಕೊಡುವ ಟಿಕ್ ಇದೆ, ಹುಡುಕಿ ತೆಗೆಯಿರಿ. ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ: ಫೋಲ್ಡರ್ ಹಂಚಿದರೆ ಈಗ ಒಳಗಿರುವುದು ಮಾತ್ರವಲ್ಲ, ಮುಂದೆ ಹಾಕುವುದೂ ಅವರಿಗೆ ಕಾಣುತ್ತದೆ. ವಕೀಲರಿಗೆ ಬೇರೆಯೇ ಫೋಲ್ಡರ್ ಮಾಡಿ, ಪ್ರಕರಣಕ್ಕೆ ಬೇಕಾದ ಕಾಗದ ಮಾತ್ರ ಅದರಲ್ಲಿಡಿ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಡೌನ್‌ಲೋಡ್, ಪ್ರಿಂಟ್, ಕಾಪಿ ತಡೆಯುವ ಆಯ್ಕೆಯೂ ಅಲ್ಲೇ ಇದೆ, ಆದರೆ ಅದನ್ನೇ ನಂಬಿ ಕೂರಬೇಡಿ. ಸ್ಕ್ರೀನ್‌ಶಾಟ್ ತೆಗೆಯುವವರನ್ನು ಯಾವ ಸೆಟ್ಟಿಂಗೂ ತಡೆಯುವುದಿಲ್ಲ. ಒಮ್ಮೆ ಇಳಿಸಿಕೊಂಡ ಪ್ರತಿಯನ್ನು ಅನುಮತಿ ರದ್ದು ಮಾಡಿ ವಾಪಸ್ ಪಡೆಯಲೂ ಆಗದು. ಹಾಗಾಗಿ ಏನು ಕೊಡುತ್ತೀರಿ ಅನ್ನುವುದೇ ನನಗೆ ಮುಖ್ಯ. ಜೆರಾಕ್ಸ್ ಮೇಲೆ 'ಇಂಥ ಕೆಲಸಕ್ಕೆ ಮಾತ್ರ' ಅಂತ ಅಡ್ಡ ಬರೆದು ಸಹಿ ಹಾಕುತ್ತೇವಲ್ಲ, ಸ್ಕ್ಯಾನ್ ಮಾಡುವ ಪ್ರತಿಗೂ ಹಾಗೇ ಬರೆಯಿರಿ. ಆಧಾರ್ ಆದರೆ ಅದನ್ನು ಕೊಡುವ ಸಂಸ್ಥೆ ಯುಐಡಿಎಐನ ಜಾಲತಾಣದಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಸಿಗುತ್ತದೆ. ಅದು ಸಾಕಾಗುತ್ತದಾ ಅಂತ ವಕೀಲರನ್ನು ಮೊದಲೇ ಕೇಳಿ.

ಉತ್ತರ 3:
ಹೊರಗಿನವರ ಭಯದಷ್ಟೇ, ನಿಮ್ಮ ದಾಖಲೆ ನಿಮಗೇ ಸಿಗದಂತಾಗುವ ಭಯವೂ ಇರಲಿ. ಫೈಲ್‌ಗಳ ಮಾಲೀಕತ್ವ ಒಬ್ಬರ ಖಾತೆಯಲ್ಲಿರುತ್ತದೆ. ಅವರು ಪೂರ್ತಿ ಅಳಿಸಿದರೆ ಎಲ್ಲರಿಗೂ ಹೋಯಿತು. ಅನುಪಯುಕ್ತದ ಬುಟ್ಟಿಯಲ್ಲೂ 30 ದಿನವಷ್ಟೇ ಉಳಿಯುತ್ತದೆ. 2 ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಬಹುದು, ಆದ್ದರಿಂದ ವಯಸ್ಸಾದವರ ಹೆಸರಲ್ಲಿ ತೆರೆದು ಮರೆತ ಖಾತೆಯಲ್ಲಿ ಇಡಬೇಡಿ. ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿ, ಒಂದು ಪ್ರತಿ ಪೆನ್‌ಡ್ರೈವ್‌ನಲ್ಲೂ ಇರಲಿ.

ವಕೀಲರಿಗೆ ಗೂಗಲ್ ಖಾತೆ ಇಲ್ಲದಿದ್ದರೆ, ಆ ನೆಪಕ್ಕೆ ಲಿಂಕ್ ಎಲ್ಲರಿಗೂ ತೆರೆಯಬೇಡಿ. ಫೈಲ್‌ಗಳನ್ನು ಒಂದಾಗಿ ಕಟ್ಟುವ 7-ಜಿಪ್ ತಂತ್ರಾಂಶದಲ್ಲಿ ಪಾಸ್‌ವರ್ಡ್ ಹಾಕಿ ಎಇಎಸ್-256 ಅನ್ನುವ ಬಲವಾದ ಗೂಢಲಿಪಿಯಲ್ಲಿ ಕಟ್ಟಿ ಮೇಲ್ ಮಾಡಿ, ಪಾಸ್‌ವರ್ಡ್ ಫೋನ್‌ನಲ್ಲಿ ಬಾಯಿಮಾತಲ್ಲೇ ಹೇಳಿ.